ಲೋಡು ತುಂಬಿದ ಪಿಕಪ್ ದಾರಿಯಲ್ಲಿ ಕೈಕೊಟ್ಟಾಗ

ತುಮಕೂರು, ಕುಣಿಗಲ್, ನೆಲಮಂಗಲ ಕಡೆಯ ಸೊಪ್ಪು, ಬೀನ್ಸ್, ಟೊಮೆಟೊ ಹೊತ್ತ ಪಿಕಪ್‌ಗಳು ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆಗೆ ತಿರುಗಿ, ಲಗ್ಗೆರೆ, ಸುಮನಹಳ್ಳಿ ದಾಟಿ ಮೈಸೂರು ರಸ್ತೆ ಸೇರುತ್ತವೆ. ಹೆದ್ದಾರಿಯಲ್ಲಿ ಸಲೀಸಾಗಿ ಓಡಿದ ಗಾಡಿ ಲಗ್ಗೆರೆಯ ದಟ್ಟಣೆಯಲ್ಲಿ ನಿಂತುಬಿಟ್ಟರೆ, ಎಂಜಿನ್ ಇದ್ದಕ್ಕಿದ್ದಂತೆ ಕೆಟ್ಟಿತು ಅನ್ನುತ್ತೇವೆ. ಕೆಟ್ಟದ್ದು ಅಲ್ಲಲ್ಲ. ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ತೆವಳುವಾಗ ಫ್ಯಾನ್ ಒಂದೇ ಗತಿ. ಹೊಲದ ದೂಳು, ಹೊಟ್ಟು ಕಟ್ಟಿಕೊಂಡ ರೇಡಿಯೇಟರ್, ಸಡಿಲವಾದ ಬೆಲ್ಟು, ಹೋಸ್ ಪೈಪಿನಲ್ಲಿ ಜಿನುಗಿ ತಗ್ಗಿದ ಕೂಲೆಂಟ್ ಅಲ್ಲಿಯತನಕ ಬಚ್ಚಿಟ್ಟುಕೊಂಡಿರುತ್ತವೆ. ಇವೆಲ್ಲ ಸಣ್ಣ ಖರ್ಚಿನ ದೋಷಗಳು. ಅವನ್ನು ಎಂಜಿನ್ ಬಿಚ್ಚುವ ಮಟ್ಟಕ್ಕೆ ಒಯ್ಯುವುದು, ಮುಳ್ಳು ಕೆಂಪಿಗೆ ಹೋದ ಮೇಲೂ ಓಡಿಸುವ ಆ ಹತ್ತು ನಿಮಿಷ. ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ಆಯಿಲ್‌ಗೆ ನೀರು ಸೇರಿ ಡಿಪ್‌ಸ್ಟಿಕ್ ಎಳೆದರೆ ಹಾಲು ಬೆರೆತ ಕಾಫಿಯ ಬಣ್ಣ ಕಾಣುತ್ತದೆ. ಆಯಿಲ್ ಒತ್ತಡದ ಕೆಂಪು ದೀಪವಂತೂ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ಅದು ಹತ್ತಿದ ತಕ್ಷಣ ಎಂಜಿನ್ ಆಫ್ ಮಾಡಬೇಕು.

ಎಂಜಿನ್ ತಾನಾಗಿ ನಿಂತರೆ ಸ್ಟೇರಿಂಗ್ ಬಿಗಿಯಾಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ಸಲ ತುಳಿದರೆ ಮುಗಿಯುತ್ತದೆ. ಆದ್ದರಿಂದ ಪೆಡಲನ್ನು ಬಿಟ್ಟು ಬಿಟ್ಟು ತುಳಿಯದೆ ಒಂದೇ ಸಮ ಒತ್ತಿಹಿಡಿದು ಎಡಕ್ಕೆ ತನ್ನಿ. ಸೇತುವೆಯ ಇಳಿಜಾರಿನಲ್ಲಿ ಲೋಡು ಹಿಂದಿನಿಂದ ತಳ್ಳುವಾಗ ಜೀವ ಉಳಿಸುವುದು ಇದೇ. ಹಿಂದೆ ತ್ರಿಕೋನ ಫಲಕವಿಟ್ಟು, ಬಾನೆಟ್ ಎತ್ತಿ, ಎಂಜಿನ್ ಪೂರ್ತಿ ಆರುವತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ; ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು.

‘ಮಾರ್ಕೆಟ್ ಇನ್ನೈದು ಕಿಲೋಮೀಟರ್, ತಡವಾದರೆ ದರ ಬಿದ್ದುಹೋಗುತ್ತದೆ’ ಎಂಬ ಮಾತು ರೈತನ ಸಂಕಟದ ಮಾತೇ, ತಳ್ಳಿಹಾಕುವಂಥದ್ದಲ್ಲ. ಆದರೆ ಮಾಲನ್ನು ಬೇರೆ ಗಾಡಿಗೆ ಬದಲಿಸಬಹುದು, ಸೀಜ್ ಆದ ಎಂಜಿನ್ನನ್ನು ಬದಲಿಸುವುದು ಒಂದು ಬೆಳೆಯ ಲಾಭದಲ್ಲಿ ಆಗುವ ಕೆಲಸವಲ್ಲ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಬಾಡಿಗೆಗೆ ಸಣ್ಣ ಗಾಡಿ ಹುಡುಕುವುದು ಕಷ್ಟವಲ್ಲ. ಅದು ಬರುವ ತನಕ ಟಾರ್ಪಾಲಿನ ಪಕ್ಕಗಳನ್ನು ಎತ್ತಿಕಟ್ಟಿ. ಕಿತ್ತ ಸೊಪ್ಪೂ ಉಸಿರಾಡುತ್ತದೆ. ಗಾಳಿಯಿಲ್ಲದೆ ಒತ್ತೊತ್ತಾಗಿ ಬಿದ್ದಿದ್ದರೆ ತನ್ನ ಕಾವಿಗೆ ತಾನೇ ಬೇಯುತ್ತದೆ. ನಿಂತದ್ದು ತುಮಕೂರು ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಕರೆ ಮಾಡಿ.

2020ರ ಏಪ್ರಿಲ್‌ನಿಂದ ಬಂದಿರುವ ಬಿಎಸ್-6 ಗಾಡಿಗಳಲ್ಲಿ ಎಲ್ಲವೂ ಸೆನ್ಸರ್, ನಮ್ಮ ಕೈಲೇನಿದೆ ಎಂದು ಕೇಳುವವರಿದ್ದಾರೆ. ಅರ್ಧ ನಿಜ. ಹಳೆಯ ಎಂಜಿನ್‌ಗಳಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ನಟ್ ಸಡಿಲಿಸಿ ಏರ್ ತೆಗೆಯುವುದನ್ನು ಕಾಮನ್ ರೈಲ್ ಎಂಜಿನ್ನಿನಲ್ಲಿ ಮಾಡಲೇಬಾರದು. ಅಲ್ಲಿನ ಡೀಸೆಲ್ ಒತ್ತಡ ಸಾವಿರ ಬಾರ್ ಮೀರುತ್ತದೆ, ಚರ್ಮ ಸೀಳಿ ಒಳಹೋಗುತ್ತದೆ. ಆದರೆ ಕೂಲೆಂಟ್, ಬೆಲ್ಟು, ಆಯಿಲ್ ಬಿಎಸ್-6ರಲ್ಲೂ ಕಣ್ಣಿಗೆ ಕಾಣುವಂಥವೇ. ಡೀಸೆಲ್ ಫಿಲ್ಟರಿನ ತಳದಲ್ಲಿ ಡ್ರೈನ್ ಸ್ಕ್ರೂ ಇದ್ದರೆ, ಎಂಜಿನ್ ತಣ್ಣಗಿದ್ದು ಆಫ್ ಆಗಿರುವಾಗ ಅದನ್ನು ತುಸು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿಯಿರಿ. ಡ್ರಮ್ಮಿನಲ್ಲಿ ಡೀಸೆಲ್ ತಂದಿಟ್ಟುಕೊಳ್ಳುವ ಮನೆಗಳಲ್ಲಿ ಇದನ್ನು ತಪ್ಪಿಸಲೇಬಾರದು. ನೀರಿದ್ದರೆ ಅದು ಬಾಟಲಿಯ ತಳಕ್ಕಿಳಿದು ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತದೆ. ಬರಿ ಡೀಸೆಲ್ ಬರುವ ತನಕ ಬಿಟ್ಟು ಸ್ಕ್ರೂ ಬಿಗಿ ಮಾಡಿ, ಆಮೇಲೆ ಲೋಡು ಹಾಕಿಸಿ.