ಗಡಿಬಿಡಿ ಮಾಡಬ್ಯಾಡೊ, ಪಿಂಗಾಣಿ ಐತಿ

ಗಂಡು ಹುಡುಗ ಅಡಗಿ ಮನಿಗಿ ಬಂದಿ, ಬಾಳ ಛಲೋ ಆತು. ಹುಬ್ಬಳ್ಳಿಯಿಂದ ಓವನ್ನು ತಂದಿ, ಅದರ ಜೋಡಿ ಬೆಳ್ಳಗ ಹೊಳಿಯೂ ಪಿಂಗಾಣಿ ಬೋಗುಣಿನೂ ತಂದಿ. ಕೇಕು ಮಾಡ್ತೀನಿ, ಬದನಿಕಾಯಿ ಬೇಯಸ್ತೀನಿ, ಗಿಣ್ಣಾನೂ ಅದರಾಗ ಮಾಡ್ತೀನಿ ಅಂತ ಕುಣ್ಯಾಕ ಹತ್ತೀದಿ. ಕುಣಿಯಪಾ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಡಬ್ಬಿ ಬಿಚ್ಚಿದ ಕೂಡ್ಲೆ ಅದರಾಗಿನ ಚೀಟಿ ಮುದ್ದಿ ಮಾಡಿ ಒಗದೆಲ್ಲಾ, ಅಲ್ಲೇ ನಿನ್ನ ಗುಣ ತಿಳೀತು ನನಗ. ಹದಿನಾರು ವರ್ಷ ಸಾಲಿ ಕಲ್ತಾಂವ, ನಾಕು ಸಾಲು ಓದಾಕ ನಿನಗ ಬ್ಯಾಸರ!

ಹೋಗಲಿ. ಬೋಗುಣಿ ಮಗಚಿ ತಳ ನೋಡು. ಓವನ್‌ಗೆ ನಡೀತೈತೊ ಇಲ್ಲೊ, ಎಷ್ಟು ಡಿಗ್ರಿ ತನಕ ತಡೀತೈತಿ ಅನ್ನೂದು ಚೀಟ್ಯಾಗರ ತಳದಾಗರ ಇರತೈತಿ. ಏನೂ ಬರದಿಲ್ಲಂದ್ರ ಅದು ಬಡಸೂ ಸಾಮಾನು, ಒಲಿ ಸಾಮಾನಲ್ಲ ಅಂತ ತಿಳಕೊ. ಮೈಕ್ರೋವೇವ್‌ಗೆ ನಡೀತೈತಿ ಅಂತ ಬರದಿದ್ರ ಕಡ್ಡಿ ಕಾಯೂ ಓವನ್‌ಗೂ ನಡೀತೈತಿ ಅಂತಲ್ಲ. ಎರಡೂ ಬ್ಯಾರೆ ಬ್ಯಾರೆ ಮಷೀನು. ಅಂಚಿಗೆ ಬಂಗಾರದ ಗೆರಿ ಎಳದಿದ್ದ ಬಟ್ಟಲ ಐತೆಲ್ಲಾ, ನಿಮ್ಮವ್ವನ ಕಪಾಟಿನ್ಯಾಗಿಂದು, ಅದನ್ನ ಮೈಕ್ರೋವೇವ್‌ನ್ಯಾಗ ಇಟ್ಟರ ಕಿಡಿ ಹಾರತಾವ. ಆಮ್ಯಾಲೆ ಮಷೀನಿಗಿಂತ ಮೊದಲ ನಿಮ್ಮವ್ವ ಸಿಡೀತಾಳ.

ಈಗ ಮುಖ್ಯ ಮಾತಿಗೆ ಬರ್ತೀನಿ. ನಮ್ಮ ಕಡೆ ಕುಂಬಾರರ ಆವಿಗ್ಯಾಗ ಗಡಿಗಿ ಸುಮಾರು 700–800 ಡಿಗ್ರಿ ಕಾವು ಉಂಡು ಹೊರಗ ಬರತಾವ. ನಿನ್ನ ಪಿಂಗಾಣಿ ಬೋಗುಣಿ ಕಾರ್ಖಾನ್ಯಾಗ 1,200 ಡಿಗ್ರಿ ಆಸುಪಾಸು ಬೆಂದು ಬಂದಿದ್ದು ಇರತೈತಿ. ನಿನ್ನ ಓವನ್ನು ಎಷ್ಟ ಜೋರ ಮಾಡಿದ್ರೂ 250ರ ಹಂತ್ಯಾಕ ನಿಂದರತೈತಿ. ಅಂದಮ್ಯಾಲೆ ಕಾವು ಅದನ್ನೇನು ಮಾಡೀತು? ಒಡಿಯೂದು ನಿನ್ನ ಅವಸರದಿಂದ. ಮಣ್ಣಿನ ಸಾಮಾನಿನ್ಯಾಗ ಕಾವು ಸಾವಕಾಶ ಸರೀತೈತಿ. ಒಂದು ಕಡೆ ಕಾದು ಉಬ್ಬಿರತೈತಿ, ಇನ್ನೊಂದು ಕಡೆ ತಣ್ಣಗ ಕುಂತಿರತೈತಿ. ನಮ್ಮ ನವಲಗುಂದದ ಎರಿ ಹೊಲ ಬ್ಯಾಸಗ್ಯಾಗ ನೋಡಿಯಿಲ್ಲೊ? ಮ್ಯಾಲಿನ ಮಣ್ಣು ಬಿಸಲಿಗೆ ಒಣಗಿ ಕುಗ್ಗತೈತಿ, ತಳದ್ದು ಇನ್ನೂ ಹಸಿ ಇರತೈತಿ. ಎರಡರ ಜಗ್ಗಾಟದಾಗ ಹೊಲ ಕಾಲು ಹೋಗುವಷ್ಟು ಬಾಯಿ ಬಿಡತೈತಿ. ಬೋಗುಣಿದೂ ಅದ ಜಗ್ಗಾಟ. ಮ್ಯಾಲೆ ಎಷ್ಟರ ಭಾರ ಹೇರು, ತಾಳಕೊಂತೈತಿ. ಎರಡೂ ಕಡೆ ಜಗ್ಗಿದ್ರ ತಾಳೂದಿಲ್ಲ. ಹೊಲ ಮಳಿ ಬಂದ್ರ ಕೂಡಕೊಂತೈತಿ, ಬೋಗುಣಿ ಕೂಡಕೊಳ್ಳೂದಿಲ್ಲ.

ಇದನ್ನ ಹಳ್ಳಿ ಹೆಣ್ಣಮಕ್ಕಳಿಗೆ ಯಾರೂ ಪಾಠ ಹೇಳಿದ್ದಿಲ್ಲ. ಮಣ್ಣಿನ ಹಂಚು ತಂದಾಕಿ ಮೊದಲನೇ ದಿನಾನ ರೊಟ್ಟಿ ಬಡದು ಹಾಕತಿದ್ದಿಲ್ಲ. ಒಂದೀಟು ಎಣ್ಣಿ ಸವರಿ, ಸಣ್ಣ ಉರಿಯಾಗ ಕಾಸಿ, ಒಲಿ ಮ್ಯಾಲೇ ಆರಾಕ ಬಿಟ್ಟು, ಮತ್ತ ಕಾಸಿ ಪಳಗಸ್ತಿದ್ಲು. ಸಂತ್ಯಾಗ ಗಡಿಗಿ ಕೊಳ್ಳುವಾಗ ಬೆರಳಿಲೆ ಬಾರಿಸಿ ನೋಡತಿದ್ಲು. ಟಣ್ ಅಂದ್ರ ಸೈ. ಡಬ್ ಅಂದ್ರ ಎಲ್ಲೋ ಕಾಣದ ಬಿರಕು ಐತಿ ಅಂತ ಹಂಗ ತಿರುಗಿ ಕೊಡತಿದ್ಲು. ನಿನ್ನ ಬೋಗುಣಿನೂ ಆಗಾಗ ಹಿಂಗ ಬಾರಿಸಿ ನೋಡು, ಅದಕ್ಕೇನು ರೊಕ್ಕ ಬೀಳಂಗಿಲ್ಲ. ಇನ್ನೂ ಕಲೀಬೇಕು ಅನಿಸಿದ್ರ ಖಾನಾಪುರ ದೂರಿಲ್ಲ. ಅಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥಾ ಐತಿ. ಮಣ್ಣು ಹದಾ ಮಾಡೂದು, ಒಣಗಸೂದು, ಸುಡೂದು ಒಂದ್ಸಲ ಕಣ್ಣಾರೆ ನೋಡಿ ಬಂದಿ ಅಂದ್ರ ಬೋಗುಣಿ ಹಿಂಗ ಟಪ್ ಅಂತ ಕುಕ್ಕೂದಿಲ್ಲ ನೀನು. ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರಲ್ಲ, ನಿನ್ನ ಕೈಯಾಗ ದೊಣ್ಣಿ ಸೈತ ಬೇಕಾಗಿಲ್ಲ.

ಗಿಣ್ಣಾ ಮಾಡ್ತೀನಿ ಅಂದೆಲ್ಲಾ, ಅದನ್ನ ಹಿಡದು ಹೇಳ್ತೀನಿ, ತಿಳೀತೈತಿ. ಎಮ್ಮಿ ಈದ ಮನಿಯಾವ್ರು ಒಂದು ತಂಬಗಿ ಗಿಣ್ಣದ ಹಾಲು ಕೊಟ್ಟಿರತಾರ, ನೀ ಅದನ್ನ ಫ್ರಿಜ್ಜಿನ್ಯಾಗ ಇಟ್ಟಿರತಿ. (ತಂಬಗಿ ಬರಿದ ಕೊಡಬ್ಯಾಡ ಮತ್ತ, ಒಂದು ಹಳಕು ಬೆಲ್ಲ ಹಾಕಿ ಕೊಡು.) ಮರುದಿನ ಆ ಹಾಲಿಗೆ ಬೆಲ್ಲ, ಏಲಕ್ಕಿ ಕೂಡಿಸಿ, ಬೋಗುಣಿಗೆ ಸುರವಿ, ಕಾದ ಓವನ್ನಿಗೆ ತಳ್ಳೂದು. ಇಲ್ಲೇ ನೀ ಎಡವೂದು. ಹಾಲು ಮಂಜಿನಂಥಾದ್ದು, ಓವನ್ನು ಕೆಂಡ ಆಗೇತಿ, ನಡುವ ಸಿಕ್ಕೊಂಡಿದ್ದು ಬಡ ಬೋಗುಣಿ. ಹಂಗ ಮಾಡಬ್ಯಾಡ. ಹಾಲು ಹೊರಗ ತಗದು ತಾಸೊತ್ತು ಬಿಡು, ಥಂಡಿ ಹೋಗಲಿ. ಮೊದಲನೇ ದಿನದ್ದು ಆಗಿದ್ರ ಬಾಳ ಗಟ್ಟಿ ಇರತೈತಿ, ಒಂದೀಟು ಸಾದಾ ಹಾಲು ಬೆರಸು. ಬೆಲ್ಲ ಕರಗಿಸಿ ಸೋಸಿ, ಆರಿಸಿ ಹಾಕು, ಹಳ್ಳ ಸಿಗಬಾರದು ಹಲ್ಲಿಗೆ. ಓವನ್ನು 150 ಡಿಗ್ರಿ ಸಾಕು. ಒಂದು ಅಗಲ ತಾಟಿನ್ಯಾಗ ಉಗರಬೆಚ್ಚಗ ನೀರು ಹಾಕಿ ಅದರಾಗ ಬೋಗುಣಿ ಕುಂದರಸು. ಕುದಿಯೂ ನೀರು ಸುರವಬ್ಯಾಡ, ತಣ್ಣೀರೂ ಬ್ಯಾಡ. ನಡುವ ಒಂದೀಟು ಅಲಗಾಡತಿರುವಾಗಲೇ ಹೊರಗ ತಗಿ. ಪಿಂಗಾಣಿ ಕಾವು ಹಿಡಕೊಂಡಿರತೈತಿ, ಉಳದದ್ದನ್ನ ತಾನ ಬೇಯಸ್ತೈತಿ. ಪೂರಾ ಗಟ್ಟಿ ಆಗ್ಲಿ ಅಂತ ಕಾದ್ರ ಗಿಣ್ಣದ ಮೈ ತುಂಬ ತೂತು ಬಿದ್ದು ನೀರು ಬಿಡತೈತಿ. ಆಗ ಓವನ್ನಿಗೆ ಬೈಬ್ಯಾಡ.

ಹೊರಗ ತಗದ ಮ್ಯಾಲೆ ಎಲ್ಲಿ ಇಡ್ತಿ? ನಿನ್ನ ಕಣ್ಣು ಸೀದಾ ಗ್ರಾನೈಟ್ ಕಟ್ಟಿಗಿ ಹೋಗತೈತಿ, ನಾ ಬಲ್ಲೆ. ಕಟ್ಟಿ ತಣ್ಣಗ ಇರತೈತಿ, ಮ್ಯಾಲೆ ನೀರು ಬ್ಯಾರೆ ಚೆಲ್ಲಿರತೈತಿ. ಅರ್ಧಕ್ಕರ್ಧ ಬೋಗುಣಿ ಅಲ್ಲೇ ಹೋಗತಾವ, ಓವನ್ನಿನ ಒಳಗಲ್ಲ. ಸಿಂಬಿ ಐತಿ, ಕಟ್ಟಿಗಿ ಮಣಿ ಐತಿ, ಏನೂ ಸಿಗಲಿಲ್ಲಂದ್ರ ಒಣಾ ಅರಿವಿ ನಾಕು ಮಡಿಕಿ ಮಾಡಿ ಹಾಸು. ಕೈಯಾಗಿನ ಅರಿವಿನೂ ಒಣಾ ಇರಲಿ. ಹಸಿ ಅರಿವ್ಯಾಗ ಹಿಡದ್ರ ನೀರು ಉಗಿ ಆಗಿ ಕೈ ಸುಡತೈತಿ, ಕೈ ಸುಟ್ಟಾಂವ ಬೋಗುಣಿ ಬಿಡ್ತಾನ. ತಿಂದು ಮುಗಿಸಿ ಬಿಸೀ ಇದ್ದಾಗಲೇ ನಳಕ್ಕ ಹಿಡಿಯೂದಂತೂ ಬ್ಯಾಡ. ಪಾತ್ರಿ ತಿಕ್ಕೂದರಾಗ ನೀ ಯಾವತ್ತೂ ಇಷ್ಟ ಹುರುಪು ತೋರಿಸಿದ್ದಿಲ್ಲ, ಅವತ್ತೊಂದಿನ ಯಾಕ?

ಗ್ಯಾಸಿನ ಉರಿ ಮ್ಯಾಲೆ ಇಡಬ್ಯಾಡ, ಉರಿ ತಳದ ನಡುವ ಒಂದೇ ಕಡೆ ಬಡೀತೈತಿ. ಮ್ಯಾಲಿನ ಕಡ್ಡಿ ಕೆಂಪಗಾಗೂ ಗ್ರಿಲ್ ಹಚ್ಚಿದಾಗ ಅದರ ಹಂತ್ಯಾಕ ಒಯ್ಯಬ್ಯಾಡ. ಖಾಲಿ ಬೋಗುಣಿ ಕಾಸಬ್ಯಾಡ. ಮೆರುಗಿಲ್ಲದ ಸಾದಾ ಮಣ್ಣಿನ ಗಡಿಗಿ ಆದ್ರ ತಣ್ಣನ ಓವನ್‌ನ್ಯಾಗ ಇಟ್ಟು ಆಮ್ಯಾಲೆ ಕಾವು ಏರಸು.

ಮೆರುಗಿನ ಮ್ಯಾಲೆ ಬಲಿ ಹೆಣದಂಗ ಸಣ್ಣ ಸಣ್ಣ ಗೆರಿ ಕಂಡ್ರ, ಅಂಚಿನ ಚಕ್ಕಿ ಎದ್ದಿದ್ರ, ಆ ಬೋಗುಣಿ ಓವನ್ನಿಗೆ ನಿವೃತ್ತಿ. ಗೆರಿಯಾಗ ನೀರು ಹೊಕ್ಕು ಕುಂತಿರತೈತಿ, ಕಾದಾಗ ಉಗಿ ಆಗಿ ಹೊರಗ ಬರಾಕ ಒದ್ದಾಡತೈತಿ. ಬಾಳಿಹಣ್ಣು ಇಡಾಕ ಬಳಸು. ಗೋಂದು ಹಚ್ಚಿ ಕೂಡಿಸಿ ಮತ್ತ ಅದರಾಗ ಅಡಗಿ ಮಾಡೂ ಜಾಣತನ ಮಾತ್ರ ಬ್ಯಾಡ. ಓವನ್ನಿನ ಒಳಗ ಒಡದ್ರ ಬಟನ್ ಬಂದ್ ಮಾಡಿ ಪೂರಾ ಆರಾಕ ಬಿಡು, ಆ ಅಡಗಿ ಒಂದು ತುತ್ತೂ ಬಾಯಿಗಿ ಇಡಬ್ಯಾಡ. ಚೂರು ಕಣ್ಣಿಗೆ ಕಾಣಂಗಿಲ್ಲ. ಜಾತ್ರ್ಯಾಗ ಸಿಗೂ ಗಾಢ ಬಣ್ಣದ ಅಲಂಕಾರದ ಬಟ್ಟಲ, ಎಲ್ಲಿಂದ ಬಂದ್ವೋ ಗೊತ್ತಿಲ್ಲದ ಹಳೇ ಸಾಮಾನು, ಇವುಗಳ ಮೆರುಗಿನ್ಯಾಗ ಸೀಸ ಇರಬಹುದು. ಹುಳಿ ಅದನ್ನ ಹೊರಗ ಎಳೀತೈತಿ. ಹುಣಸಿಹಣ್ಣು, ಟೊಮ್ಯಾಟೊ, ಮಸರು ಹಾಕಿದ್ದನ್ನ ಅಂಥಾದ್ರಾಗ ಬೇಯಸೂದೂ ಬ್ಯಾಡ, ಇಡೂದೂ ಬ್ಯಾಡ.

ಇನ್ನ ಕರೆಂಟಿನ ಮಾತು. 1,500 ವ್ಯಾಟಿನ ಓವನ್ನು ಆರೂವರಿ ಆಂಪಿಯರ್ ಎಳೀತೈತಿ. ಮೊಬೈಲ್ ಚಾರ್ಜ್ ಮಾಡೂ ಸಣ್ಣ ಪ್ಲಗ್ಗಿಗೆ, ಅದೂ ಜಾತ್ರಿ ಲೈಟಿನ ವಾಯರ್ ಜೋಡಿಸಿ ಹಚ್ಚಬ್ಯಾಡ. ದೊಡ್ಡ ತೂತಿನ 16 ಆಂಪಿಯರ್ ಪ್ಲಗ್ಗು ಹಾಕಸು. ಅರ್ಧ ಬೆಂದಾಗ ಕರೆಂಟ್ ಹೋತಂದ್ರ ನಿಮಿಷಕ್ಕೊಮ್ಮೆ ಬಾಗಲ ತಗದು ಇಣಕಬ್ಯಾಡ. ಬಾಗಲ ಹಾಕೇ ಇರಲಿ, ಒಳಗಿನ ಕಾವಿಗೆ ಇನ್ನೊಂದೀಟು ಬೇಯತೈತಿ. ಬಟನ್ ಮಾತ್ರ ಬಂದ್ ಮಾಡು. ನಮ್ಮ ಊರ ಕರೆಂಟು ಹೋಗೂದು ಗೊತ್ತಾಗತೈತಿ, ಬರೂದು ನೀ ಗೊರಕಿ ಹೊಡಿಯೂ ಹೊತ್ತಿನ್ಯಾಗ.