ಓದೋ ಜೊತೆಗಾರರು ಎಲ್ಲಿ ಸಿಗ್ತಾರೆ?

ಈ ಸಲದ ಪಾಠದಲ್ಲಿ ವ್ಯಾಕರಣ ಇಲ್ಲ, ಛಂದಸ್ಸೂ ಇಲ್ಲ, ಹೆದರಬೇಡಿ. ನಮ್ಮ ಬಳಗದ ಸಭೆಗಳಲ್ಲಿ ಪದೇ ಪದೇ ಬರೋ ಒಂದು ಪ್ರಶ್ನೆಯನ್ನ ತಗೊಂಡಿದ್ದೀವಿ: "ಪುಸ್ತಕ ಓದೋ ಆಸೆ ಇದೆ, ಆದ್ರೆ ಓದಿದ್ದನ್ನ ಮಾತಾಡೋಕೆ ಯಾರೂ ಇಲ್ಲ. ಅಂಥವರು ಎಲ್ಲಿ ಸಿಗ್ತಾರೆ?"

ಈ ಪ್ರಶ್ನೆ ಯಾಕೆ ಮುಖ್ಯ ಅಂತ ಮೊದಲು ನೋಡೋಣ. ನಮ್ಮಲ್ಲಿ ಬಹಳ ಜನ ಇಂಗ್ಲಿಷ್ ಮೀಡಿಯಂನವರು. ಹತ್ತನೇ ಕ್ಲಾಸಿನವರೆಗೆ ಎರಡನೇ ಭಾಷೆಯೋ ಮೂರನೇ ಭಾಷೆಯೋ ಆಗಿದ್ದ ಕನ್ನಡ, ಪಿಯುಸಿ ಸೈನ್ಸ್ ಮತ್ತು ಸಿಇಟಿ ಕೋಚಿಂಗ್ ನಡುವೆ ಸದ್ದಿಲ್ಲದೆ ಹಿಂದೆ ಬೀಳುತ್ತೆ. ಮಾತಾಡೋಕೆ ಬರುತ್ತೆ, ಬಸ್ಸಿನ ಬೋರ್ಡ್ ಓದೋಕೆ ಬರುತ್ತೆ. ಆದ್ರೆ ಒಂದು ಕಾದಂಬರಿ ಹಿಡಿದ್ರೆ ಇಪ್ಪತ್ತನೇ ಪುಟಕ್ಕೆ ಸುಸ್ತಾಗುತ್ತೆ. ಒಬ್ಬರೇ ಓದ್ತಿದ್ರೆ ಅಲ್ಲೇ ಮುಚ್ಚಿಡ್ತೀವಿ, ಯಾರೂ ಕೇಳಲ್ಲ. ಹೀಗೇ ನಾಲ್ಕು ವರ್ಷ ಕಳೆದರೆ, ಕೆಲಸಕ್ಕೆ ಸೇರೋ ಹೊತ್ತಿಗೆ ನಮ್ಮ ಕನ್ನಡ ಮಸಾಲೆ ದೋಸೆ ಆರ್ಡರ್ ಮಾಡೋ ಮಟ್ಟಕ್ಕೆ ಬಂದು ನಿಲ್ಲುತ್ತೆ. ಅಜ್ಜಿ ಓದಿ ಮುಗಿಸಿದ ಕಾದಂಬರಿಯನ್ನ ಮೊಮ್ಮಗಳಿಗೆ ಓದೋಕಾಗಲ್ಲ ಅನ್ನೋ ಪರಿಸ್ಥಿತಿ ನಮ್ಮ ಎಷ್ಟೋ ಮನೆಗಳಲ್ಲಿ ಈಗಾಗಲೇ ಇದೆ. ಮುಂದಿನ ವಾರ ನಾಲ್ಕು ಜನ "ಎಲ್ಲಿವರೆಗೆ ಬಂತು?" ಅಂತ ಕೇಳ್ತಾರೆ ಅಂತ ಗೊತ್ತಿದ್ರೆ ಮಾತ್ರ ಇಪ್ಪತ್ತೊಂದನೇ ಪುಟ ತಿರುಗುತ್ತೆ. ಓದುಗರ ಗುಂಪು ಬೇಕಾಗಿರೋದು ಅದಕ್ಕೇ.

1. ಇದು ಹೊಸ ಫ್ಯಾಷನ್ ಅಲ್ಲ

"ಬುಕ್ ಕ್ಲಬ್" ಅಂದ್ರೆ ಕಾಫಿ ಶಾಪ್‌ನಲ್ಲಿ ಇಂಗ್ಲಿಷ್ ಕಾದಂಬರಿ ಹಿಡಿದು ಕೂರೋದು ಅನ್ನೋ ಚಿತ್ರ ನಮ್ಮ ತಲೇಲಿದೆ. ಆದ್ರೆ ಕನ್ನಡದಲ್ಲಿ ಒಟ್ಟಿಗೆ ಓದೋ ಪದ್ಧತಿ ಬಹಳ ಹಳೆಯದು. ಗಮಕ ವಾಚನ ಅದೇ ತಾನೆ? ಒಬ್ಬರು ಕುಮಾರವ್ಯಾಸ ಭಾರತದ ಪದ್ಯವನ್ನ ರಾಗವಾಗಿ ಓದ್ತಾರೆ, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳ್ತಾರೆ, ಊರವರು ಕೂತು ಕೇಳ್ತಾರೆ. ಓದು ಬಾರದವರಿಗೂ ಕಾವ್ಯ ತಲುಪಿದ್ದು ಹೀಗೆ.

1920ರ ದಶಕದ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ "ಗೆಳೆಯರ ಗುಂಪು" ಅಂತಲೇ ಒಂದು ಬಳಗ ಇತ್ತು. ಶಂ.ಬಾ. ಜೋಶಿ, ವಿ.ಕೃ. ಗೋಕಾಕ್, ರಂ.ಶ್ರೀ. ಮುಗಳಿ ಅವರೆಲ್ಲ ಅದರಲ್ಲಿದ್ದವರು. ಒಬ್ಬರು ಬರೆದದ್ದನ್ನ ಇನ್ನೊಬ್ಬರು ಕೇಳೋದು, ಚರ್ಚೆ ಮಾಡೋದು ಅಲ್ಲಿ ನಡೀತಿತ್ತು. ಅದೇ ಊರಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದ್ರು. ಅದರ "ಅಟ್ಟ" ಲೇಖಕರು ಮತ್ತು ಓದುಗರು ಸೇರಿ ಹರಟೆ ಹೊಡೆಯೋ ಜಾಗ ಅಂತಲೇ ಹೆಸರುವಾಸಿ. ಗಿರೀಶ ಕಾರ್ನಾಡರ ಮೊದಲ ನಾಟಕ ಯಯಾತಿ ಪುಸ್ತಕವಾಗಿ ಬಂದಿದ್ದು ಇದೇ ಗ್ರಂಥಮಾಲೆಯಿಂದ, 1961ರಲ್ಲಿ. ಅಂದ್ರೆ ನಾವು ಹುಡುಕ್ತಿರೋ ವಸ್ತು ಹೊರಗಿಂದ ಬಂದದ್ದೇನಲ್ಲ, ನಮ್ಮ ಅಟ್ಟದಲ್ಲೇ ಇದ್ದದ್ದು.

2. ಗುಂಪುಗಳಲ್ಲಿ ಎಷ್ಟು ಬಗೆ?

ಹುಡುಕೋ ಮೊದಲು ನಮಗೆ ಯಾವ ಥರದ್ದು ಬೇಕು ಅಂತ ಗೊತ್ತಿರಬೇಕು. ನಾವು ಸುಮ್ಮನೆ ನಾಲ್ಕು ಬಗೆ ಮಾಡ್ಕೊಂಡಿದ್ದೀವಿ.

ಒಂದು, ಮೌನ ಓದಿನ ಗುಂಪು. ಎಲ್ಲರೂ ಅವರವರ ಪುಸ್ತಕ ತಂದು, ಒಂದೇ ಕಡೆ ಕೂತು ಓದಿ ಎದ್ದು ಹೋಗ್ತಾರೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ಗೆಳತಿಯರು "ಸೈಲೆಂಟ್ ಬುಕ್ ಕ್ಲಬ್" ಅಂತ ಶುರು ಮಾಡಿದ್ದು ಈ ಥರದ್ದು. ನಮ್ಮ ಬೆಂಗಳೂರಿನ "ಕಬ್ಬನ್ ರೀಡ್ಸ್" 2023ರ ಆರಂಭದಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾಯ್ತು. ಶನಿವಾರ ಬೆಳಗ್ಗೆ ಚಾಪೆ ಹಾಸ್ಕೊಂಡು ಜನ ಓದ್ತಾರೆ. ಫೀಸ್ ಇಲ್ಲ, ಭಾಷಣ ಇಲ್ಲ. ಇದನ್ನ ನೋಡಿ ಬೇರೆ ಊರುಗಳ ಪಾರ್ಕುಗಳಲ್ಲೂ ಶುರುವಾಗಿದೆ. ಮಾತಾಡೋಕೆ ನಾಚಿಕೆ ಅನ್ನೋರಿಗೆ ಇದು ಒಳ್ಳೇ ಮೊದಲ ಮೆಟ್ಟಿಲು.

ಎರಡು, ಚರ್ಚೆಯ ಗುಂಪು. ಎಲ್ಲರೂ ಒಂದೇ ಪುಸ್ತಕ ಓದ್ಕೊಂಡು ಬಂದು ಮಾತಾಡ್ತಾರೆ. ಕನ್ನಡ ಸುಧಾರಿಸೋಕೆ ಇದು ಹೆಚ್ಚು ಉಪಯೋಗ, ಯಾಕಂದ್ರೆ ಓದಿದ್ದನ್ನ ಬಾಯಲ್ಲಿ ಹೇಳ್ಬೇಕು.

ಮೂರು, ಗಟ್ಟಿಯಾಗಿ ಓದೋ ಗುಂಪು. ಒಂದು ಕತೆಯನ್ನ ಸರದಿ ಪ್ರಕಾರ ಎಲ್ಲರೂ ಓದ್ತಾರೆ. ಮೊದಲೇ ಓದ್ಕೊಂಡು ಬರೋ ಗೋಜಿಲ್ಲ. ನಿಧಾನ ಓದೋರಿಗೆ ಇದಕ್ಕಿಂತ ಒಳ್ಳೇದು ಇಲ್ಲ.

ನಾಲ್ಕು, ಶಿಬಿರ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಂನ ಸಂಸ್ಕೃತಿ ಶಿಬಿರ ಎಲ್ಲರಿಗೂ ಗೊತ್ತು. ಕೆಲವು ದಿನ ಒಂದೇ ಕಡೆ ಇದ್ದು ಸಾಹಿತ್ಯ, ನಾಟಕ, ಚರ್ಚೆ ಅಂತ ಮುಳುಗಿ ಬರೋದು. ರಜೆ ಹೊಂದಿದ್ರೆ ಒಮ್ಮೆ ಹೋಗಿಬರಲೇಬೇಕು.

3. ಹುಡುಕೋದು ಎಲ್ಲಿ?

ಮೊದಲ ಜಾಗ ಸಾರ್ವಜನಿಕ ಗ್ರಂಥಾಲಯ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ನಮ್ಮ ಪಿಜಿ ಓನರ್ ಅಂಕಲ್ ಕಟ್ಟೋ ತೆರಿಗೆಯಲ್ಲೂ ಅದು ಸೇರಿರುತ್ತೆ, ಆ ದುಡ್ಡು ಅವರು ನಮ್ಮ ಬಾಡಿಗೆಯಿಂದ ತಾನೇ ಕಟ್ಟೋದು! ಆದ್ದರಿಂದ ಲೈಬ್ರರಿಗೆ ಧಾರಾಳವಾಗಿ ಹೋಗಿ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನೊಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವೇ ಇದೆ. ಅಲ್ಲಿ ಅಥವಾ ನಿಮ್ಮ ಬಡಾವಣೆಯ ಶಾಖೆಯಲ್ಲಿ ಕೌಂಟರ್‌ನಲ್ಲಿರೋರನ್ನ ಮಾತಾಡಿಸಿ: "ಸರ್, ಇಲ್ಲಿ ಕನ್ನಡ ಕಾದಂಬರಿ ಜಾಸ್ತಿ ಓದೋರು ಯಾರಾದ್ರೂ ಇದ್ದಾರಾ? ಅವರು ಯಾವ ಹೊತ್ತಿಗೆ ಬರ್ತಾರೆ?" ಬಹಳ ಸಲ ಒಬ್ಬ ರಿಟೈರ್ಡ್ ಮೇಷ್ಟ್ರೋ, ಬ್ಯಾಂಕಿನಲ್ಲಿದ್ದ ಮೇಡಮ್ಮೋ ಸಿಗ್ತಾರೆ. ನಮಗೆ ಇಂಥ ಹಿರಿಯರು ಸಿಕ್ಕಾಗ ಅವರು ಕೇಳೋ ಮೊದಲ ಪ್ರಶ್ನೆ "ಯಾವ ಬ್ರಾಂಚು?" ಅಂತ. ಎರಡನೇದು "ಏನು ಓದಿದೀರಪ್ಪ?" ಅಂತ. ಎರಡನೇದಕ್ಕೆ ಒಂದು ಉತ್ತರ ರೆಡಿ ಇಟ್ಕೊಳ್ಳಿ.

ಎರಡನೇದು ಪುಸ್ತಕದ ಅಂಗಡಿ. ಗಾಂಧಿಬಜಾರಿನ ಅಂಕಿತ ಪುಸ್ತಕ, ನವಕರ್ನಾಟಕ ಮತ್ತು ಸಪ್ನ ಮಳಿಗೆಗಳು, ಹಳೇ ಪುಸ್ತಕಕ್ಕೆ ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್. ಕೊಳ್ಳೋಕೆ ದುಡ್ಡಿಲ್ಲದಿದ್ರೂ ಕನ್ನಡದ ಕಪಾಟಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ಪುಸ್ತಕ ಬಿಡುಗಡೆ, ಸಂವಾದ ಯಾವಾಗ ಎಲ್ಲಿ ಅನ್ನೋದು ಅಂಗಡಿಯವರಿಗೆ ಚೆನ್ನಾಗಿ ಗೊತ್ತಿರುತ್ತೆ.

ಮೂರನೇದು ಪುಸ್ತಕ ಬಿಡುಗಡೆ ಸಮಾರಂಭ. ಭಾನುವಾರ ಬೆಳಗ್ಗೆ ನಡೆಯೋದು ಜಾಸ್ತಿ. ಎಷ್ಟೋ ಕಡೆ ಉಪ್ಪಿಟ್ಟು, ಕಾಫಿ ಕೂಡ ಇರುತ್ತೆ; ಹಾಸ್ಟೆಲ್‌ನವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ನಿಜವಾದ ಗುಂಪು ಸಿಗೋದು ಭಾಷಣ ಮುಗಿದ ಮೇಲೆ, ಕಾಫಿ ಲೋಟ ಹಿಡಿದು ನಿಂತಾಗ. ಪಕ್ಕದಲ್ಲಿ ನಿಂತೋರನ್ನ "ನೀವು ಇವರ ಹಿಂದಿನ ಪುಸ್ತಕ ಓದಿದೀರಾ?" ಅಂತ ಕೇಳಿದ್ರೆ ಸಾಕು, ಮುಂದಿನದು ತಾನಾಗೇ ನಡೆಯುತ್ತೆ.

ನಾಲ್ಕನೇದು ಸಂಘ ಸಂಸ್ಥೆಗಳು. 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಜಿಲ್ಲೆ, ತಾಲ್ಲೂಕುಗಳಲ್ಲೂ ಘಟಕಗಳಿವೆ. ಧಾರವಾಡದವರಿಗೆ 1890ರಿಂದ ಇರೋ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ. ಬೆಂಗಳೂರಿನ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ, ಅಲ್ಲಿ ಲೈಬ್ರರಿಯೂ ಉಂಟು, ಉಪನ್ಯಾಸಗಳೂ ಉಂಟು. ಇಂಟರ್ನ್‌ಶಿಪ್‌ಗೆ ಹೊರರಾಜ್ಯಕ್ಕೆ ಹೋಗೋರು ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘ ಇವನ್ನ ನೆನಪಿಟ್ಕೊಳ್ಳಿ.

4. ಸೇರೋ ಮುಂಚೆ ಮೂರು ಪ್ರಶ್ನೆ

ಸಿಕ್ಕ ಗುಂಪಿಗೆಲ್ಲ ಸೇರಬೇಕಾಗಿಲ್ಲ. ಒಂದು ಸಲ ಸುಮ್ಮನೆ ಹೋಗಿ ಕೂತು ಬನ್ನಿ. ಆಮೇಲೆ ಮೂರು ಪ್ರಶ್ನೆ ಕೇಳ್ಕೊಳ್ಳಿ.

ದೂರ ಎಷ್ಟು? ಹೋಗಿ ಬರೋಕೇ ಮೂರು ಗಂಟೆ ಬೇಕಾದ್ರೆ ಎರಡು ವಾರ ಉತ್ಸಾಹ ಇರುತ್ತೆ, ಮೂರನೇ ವಾರ ಇಂಟರ್ನಲ್ಸ್ ನೆಪ ಸಿಗುತ್ತೆ. ಒಂದೇ ಬಸ್ಸಿನಲ್ಲಿ ಹೋಗೋ ಹಾಗಿದ್ರೆ ಒಳ್ಳೇದು.

ಎಲ್ಲರಿಗೂ ಮಾತಾಡೋಕೆ ಅವಕಾಶ ಇದೆಯಾ? ಒಬ್ಬರೇ ಒಂದು ಗಂಟೆ ಮಾತಾಡಿದ್ರೆ ಅದು ಕ್ಲಾಸು. ಕ್ಲಾಸು ನಮಗೆ ಇಲ್ಲೇ ಬೇಕಾದಷ್ಟಿದೆ.

ಗೊತ್ತಿಲ್ಲದ ಪದದ ಅರ್ಥ ಕೇಳಿದ್ರೆ ಹೇಗೆ ನೋಡ್ತಾರೆ? ನಕ್ಕು ಹೇಳಿಕೊಡೋರು ಬೇರೆ, ನಗಾಡೋರು ಬೇರೆ. ಇಂಗ್ಲಿಷ್ ಮೀಡಿಯಂನವರಿಗೆ ಈ ಮೂರನೇ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. "ಅಷ್ಟೂ ಗೊತ್ತಿಲ್ವಾ?" ಅನ್ನೋ ಒಂದು ಮಾತಿಗೆ ಎಷ್ಟೋ ಜನ ಕನ್ನಡ ಪುಸ್ತಕವನ್ನೇ ಬಿಟ್ಟಿದ್ದಾರೆ.

ಇನ್ನೊಂದು ಮಾತು: ಮೊದಲ ಸಲ ಹೋಗುವಾಗ ಗೆಳೆಯರನ್ನೋ ಗೆಳತಿಯರನ್ನೋ ಕರ್ಕೊಂಡು ಹೋಗಿ. ಪಾರ್ಕು, ಲೈಬ್ರರಿ, ಅಂಗಡಿಯಂಥ ಜನ ಇರೋ ಜಾಗದಲ್ಲಿ ಸೇರೋ ಗುಂಪನ್ನೇ ಆರಿಸ್ಕೊಳ್ಳಿ.

5. ಸಿಗಲಿಲ್ಲ ಅಂದ್ರೆ?

ನಮ್ಮ ಕಾಲೇಜಿನ ಥರ ಊರಾಚೆ ಕ್ಯಾಂಪಸ್ ಇದ್ರೆ ಹತ್ತಿರದಲ್ಲಿ ಏನೂ ಸಿಗದೇ ಇರಬಹುದು. ಆಗ ನಾವೇ ಶುರು ಮಾಡೋದು. ಬೇಕಾಗಿರೋದು ಇಷ್ಟೇ.

ಜನ: ನಾಲ್ಕು ಜನ ಸಾಕು. ಹತ್ತು ದಾಟಿದ್ರೆ ಎಲ್ಲರಿಗೂ ಮಾತಾಡೋಕೆ ಆಗಲ್ಲ, ಎರಡು ಗುಂಪು ಮಾಡಿ.

ದಿನ: ಎರಡು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಜಾಗ. "ಎಲ್ಲರೂ ಫ್ರೀ ಇದ್ದಾಗ ಸೇರೋಣ" ಅಂದ್ರೆ ಫೇರ್‌ವೆಲ್ ದಿನವೇ ಸೇರೋದು. ಇಂಟರ್ನಲ್ಸ್ ವಾರ ಮತ್ತು ಎಕ್ಸಾಮ್ ತಿಂಗಳು ರಜೆ ಅಂತ ಮೊದಲೇ ಕ್ಯಾಲೆಂಡರ್‌ನಲ್ಲಿ ಬರೆದುಬಿಡಿ. ಇಲ್ಲದಿದ್ರೆ ಗುಂಪು ನಿಂತೇಹೋಯ್ತು ಅಂತ ಎಲ್ಲರೂ ಅಂದ್ಕೊಳ್ತಾರೆ.

ಓದೋ ವೇಗ: ದಿನಕ್ಕೆ 5 ಪುಟ ಅಂದ್ರೆ ಎರಡು ವಾರಕ್ಕೆ 70 ಪುಟ. ನಿಧಾನ ಓದೋರಿಗೂ ಇದು ಆಗುತ್ತೆ. ಅದಕ್ಕೆ ಮೊದಲ ಪುಸ್ತಕ ತೆಳ್ಳಗಿರಲಿ. ಶುರುವಿನಲ್ಲೇ "ಮಲೆಗಳಲ್ಲಿ ಮದುಮಗಳು" ಹಿಡಿದ್ರೆ ಸೆಮಿಸ್ಟರ್ ಮುಗಿಯುತ್ತೆ, ಮದುಮಗಳು ಇನ್ನೂ ಕಾಡಲ್ಲೇ ಇರ್ತಾಳೆ.

ನಡೆಸೋರು: ಪ್ರತಿ ಸಲ ಬೇರೆಯವರು. ಸೀನಿಯರ್ ಅಣ್ಣ ಅಕ್ಕಂದಿರೇ ನಡೆಸ್ಬೇಕು ಅಂತಿಲ್ಲ. ಅವರು ಪಾಸಾಗಿ ಹೋದ ಮೇಲೂ ಗುಂಪು ಉಳೀಬೇಕಲ್ಲ.

ಕನ್ನಡ ಓದೋಕೆ ಬಾರದ ಗೆಳೆಯರು ಇದ್ರೆ ಅವರನ್ನ ಬಿಡಬೇಡಿ. ಅನುವಾದ ಇರೋ ಪುಸ್ತಕ ಆರಿಸಿ. ವಿವೇಕ ಶಾನಭಾಗರ "ಘಾಚರ್ ಘೋಚರ್" ಚಿಕ್ಕದು, ಶ್ರೀನಾಥ್ ಪೆರೂರ್ ಮಾಡಿದ ಇಂಗ್ಲಿಷ್ ಅನುವಾದ ಇದೆ. ಬಾನು ಮುಷ್ತಾಕ್ ಅವರ 12 ಕತೆಗಳನ್ನ ದೀಪಾ ಭಾಸ್ತಿ "ಹಾರ್ಟ್ ಲ್ಯಾಂಪ್" ಅಂತ ಅನುವಾದಿಸಿ, ಅದಕ್ಕೆ 2025ರ ಅಂತರರಾಷ್ಟ್ರೀಯ ಬೂಕರ್ ಬಂತು. ಅರ್ಧ ಜನ ಕನ್ನಡದಲ್ಲಿ, ಅರ್ಧ ಜನ ಇಂಗ್ಲಿಷ್‌ನಲ್ಲಿ ಓದಿ ಒಂದೇ ಕತೆಯನ್ನ ಹೋಲಿಸಿದ್ರೆ, ಯಾವ ಮಾತು ದಾಟಿತು, ಯಾವುದು ದಾಟಲಿಲ್ಲ ಅಂತ ಗೊತ್ತಾಗುತ್ತೆ. ಆಗ ಕನ್ನಡ ಬಲ್ಲವರು ಮೇಷ್ಟ್ರಾಗ್ತಾರೆ, ಅದೂ ಒಂದು ಖುಷಿ.

6. ಒಂದು ಮಾದರಿ ಚರ್ಚೆ

ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ತಗೊಳ್ಳೋಣ. ಎಂಜಿನಿಯರಿಂಗ್‌ನವರಿಗೆ ಹೇಳಿ ಮಾಡಿಸಿದ ಕಾದಂಬರಿ. ಒಬ್ಬ ವಿಜ್ಞಾನಿ, ಒಬ್ಬ ಕೃಷಿಕ, ಜೇನು ಹಿಡಿಯೋ ಮಂದಣ್ಣ, ಕಿವಿ ಅನ್ನೋ ನಾಯಿ, ಎಲ್ಲರೂ ಹಾರುವ ಓತಿಯನ್ನ ಹುಡುಕ್ತಾ ಕಾಡಿಗೆ ಹೋಗ್ತಾರೆ. ಕೊನೆಗೆ ಏನಾಗುತ್ತೆ ಅಂತ ನಾವಂತೂ ಹೇಳಲ್ಲ.

"ಇಷ್ಟ ಆಯ್ತಾ?" ಅಂತ ಕೇಳಿದ್ರೆ "ಹೂಂ" ಅಂತ ಉತ್ತರ ಬಂದು ಚರ್ಚೆ ಅಲ್ಲಿಗೇ ಮುಗಿಯುತ್ತೆ. ಹೀಗೆ ಕೇಳಿ ನೋಡಿ:

ಡಿಗ್ರಿ ಇಲ್ಲದ ಮಂದಣ್ಣನಲ್ಲಿ ಕರ್ವಾಲೊ ಅಂಥ ವಿಜ್ಞಾನಿ ಏನನ್ನ ಕಂಡ್ರು? ಅದನ್ನ ತೋರಿಸೋ ಒಂದು ಪುಟ ತೆಗೆದು ಓದಿ.

ಊರವರ ಕಣ್ಣಿಗೆ ಮಂದಣ್ಣ ಹೇಗೆ ಕಾಣ್ತಾನೆ, ಕರ್ವಾಲೊ ಕಣ್ಣಿಗೆ ಹೇಗೆ? ಯಾಕೆ ಇಷ್ಟು ವ್ಯತ್ಯಾಸ?

ಯಾವ ಜಾಗದಲ್ಲಿ ನಗು ಬಂತು? ಅದೇ ಸಾಲನ್ನ ಇಂಗ್ಲಿಷ್‌ನಲ್ಲಿ ಹೇಳಿದ್ರೆ ನಗು ಬರುತ್ತಾ?

ಅರ್ಥ ಆಗದ ಐದು ಪದ ಯಾವುವು? ನಮ್ಮ ಗುಂಪಿನಲ್ಲಿ ಮಲೆನಾಡಿನವರು ಯಾರಿದ್ದಾರೆ, ಅವರು ಹೇಳಲಿ.

"ಪುಟ ತೆಗೆದು ಓದಿ" ಅನ್ನೋದೇ ಇಲ್ಲಿನ ಕೀಲಿಕೈ. ಗಟ್ಟಿಯಾಗಿ ಓದಿದಾಗ ನಾಲಿಗೆ ತೊಡರುತ್ತೆ, ಪಕ್ಕದವರು ಎತ್ತಿಕೊಡ್ತಾರೆ, ಒಂದೆರಡು ತಿಂಗಳಲ್ಲಿ ತೊಡರೋದು ಕಮ್ಮಿಯಾಗುತ್ತೆ. ಇದು ನಮ್ಮ ಆರು ಜನರ ಗುಂಪಿನಲ್ಲಿ ಕಣ್ಣಾರೆ ಕಂಡ ವಿಷಯ. ಮೊದಲು ಒಂದು ಪ್ಯಾರಾ ಸಾಕು ಅಂತಿದ್ದೋರು ಈಗ ಪುಸ್ತಕ ಕೊಡೋಕೇ ಒಪ್ಪಲ್ಲ.

ಮನೆಗೆಲಸ

ಪಾಠ ಅಂದ ಮೇಲೆ ಹೋಮ್‌ವರ್ಕ್ ಇರಲೇಬೇಕು. ಈ ತಿಂಗಳಲ್ಲಿ ಮೂರು ಕೆಲಸ ಮಾಡಿ. ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ಒಂದು ಪುಸ್ತಕ ಬಿಡುಗಡೆಗೋ ಓದಿನ ಗುಂಪಿಗೋ ಹೋಗಿ, ಗೊತ್ತಿಲ್ಲದ ಒಬ್ಬರನ್ನ ಮಾತಾಡಿಸಿ. ಊರಿಗೆ ಹೋದಾಗ ಮನೇಲಿರೋ ಹಿರಿಯರನ್ನ "ನೀವು ನಮ್ಮ ವಯಸ್ಸಲ್ಲಿ ಯಾವ ಕಾದಂಬರಿ ಓದ್ತಿದ್ರಿ?" ಅಂತ ಕೇಳಿ, ಆ ಪುಸ್ತಕ ಅಟ್ಟದ ಮೇಲಿದ್ರೆ ಧೂಳು ಕೊಡವಿ ಹಾಸ್ಟೆಲ್‌ಗೆ ತಗೊಂಡು ಬನ್ನಿ. ಓದಿ ಹೇಳೋಕೆ ನಾವಿದ್ದೀವಿ, ಕೇಳೋಕೂ ನಾವೇ ಇದ್ದೀವಿ.