ಜಡಿಮಳೆಯಲ್ಲಿ ಹೊಟ್ಟೆ ಜಡವಾಗದಿರಲಿ

ಪುನರ್ವಸು, ಪುಷ್ಯ ಮಳೆ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಗದ್ದೆ ಕೆಲಸದವರನ್ನು ಬಿಟ್ಟು ಉಳಿದವರ ಓಡಾಟ ಜಗಲಿಗೇ ಸೀಮಿತ. ಬಾಯಾರಿಕೆ ಗೊತ್ತಾಗುವುದಿಲ್ಲ, ಕಾಫಿ ಮಾತ್ರ ಸುತ್ತಿನ ಮೇಲೆ ಸುತ್ತು ಬರುತ್ತದೆ. ಅಟ್ಟದ ಹಪ್ಪಳ, ಸಂಡಿಗೆ ಬಾಣಲೆಗೆ ಇಳಿಯುತ್ತವೆ. ಅಡಿಕೆ ಕೊಯ್ಲಿನಲ್ಲಿ ಇನ್ನೊಂದು ಪಾಡು: ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂರುವುದು, ಅವೇಳೆಯಲ್ಲಿ ಉಣ್ಣುವುದು. ಮಲಬದ್ಧತೆ, ಹೊಟ್ಟೆ ಉಬ್ಬರದ ದೂರು ಹೆಚ್ಚುವುದಕ್ಕೆ ಇಷ್ಟು ಸಾಕು. ನಮ್ಮ ಹಿತ್ತಲಲ್ಲಿ ನಾರಿಗೆ ಕೊರತೆಯಿಲ್ಲ. ಸರಿಪಡಿಸಬೇಕಾದದ್ದು ದಿನಚರಿ.

ದಿನಾ ಶೌಚಕ್ಕೆ ಹೋಗಲೇಬೇಕೆಂಬ ನಿಯಮವೇನೂ ಇಲ್ಲ. ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ ಹೋಗುವುದು, ಆಡಿನ ಹಿಕ್ಕೆಯಂತೆ ಗಟ್ಟಿಯಾಗಿರುವುದು, ಮುಕ್ಕಬೇಕಾಗಿ ಬರುವುದು, ಹೋದ ಮೇಲೂ ಪೂರ್ತಿಯಾಗಲಿಲ್ಲ ಎನಿಸುವುದು ಮಲಬದ್ಧತೆಯ ಲಕ್ಷಣಗಳು.

1. ಬೆಳಿಗ್ಗೆ ಒಂದು ಹೊತ್ತು ಗೊತ್ತುಮಾಡಿ

ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ. ಬೆಳಗಿನ ಹೊತ್ತು ಇದು ಇನ್ನೂ ಜೋರು. ತಿಂಡಿಯಾಗಿ ಅರ್ಧ ಗಂಟೆಯೊಳಗೆ ಹೋಗಿ ಐದರಿಂದ ಹತ್ತು ನಿಮಿಷ ಕುಳಿತುಕೊಳ್ಳಿ. ಮೊಬೈಲ್ ಹೊರಗಿರಲಿ, ಮುಕ್ಕುವುದು ಬೇಡ. ಬಸ್ಸು ತಪ್ಪೀತೆಂದು ಒತ್ತಡ ತಡೆದುಕೊಂಡರೆ ಕರುಳು ಮಲದಲ್ಲಿನ ನೀರನ್ನು ಇನ್ನಷ್ಟು ಹೀರುತ್ತದೆ, ಮಲ ಕಲ್ಲಾಗುತ್ತದೆ. ಶಾಲೆಗೆ, ಕೆಲಸಕ್ಕೆ ಹೋಗುವವರು ಅರ್ಧ ಗಂಟೆ ಮೊದಲು ಏಳುವುದೇ ಇದಕ್ಕೆ ದಾರಿ.

2. ಕಾಲಡಿಗೆ ಮಣೆ ಇಡಿ

ಕುಕ್ಕರಗಾಲಿನಲ್ಲಿ ಕೂತಾಗ ಗುದನಾಳದ ಬಾಗು ನೇರವಾಗಿ ಮಲ ಸಲೀಸಾಗಿ ಇಳಿಯುತ್ತದೆ. ಕಮೋಡ್ ಬಳಸುವವರು ಅರ್ಧ ಅಡಿಗಿಂತ ಸ್ವಲ್ಪ ಎತ್ತರದ, ಜಾರದ ಮಣೆಯ ಮೇಲೆ ಕಾಲಿಟ್ಟು, ಮುಂದಕ್ಕೆ ಬಾಗಿ ಕೂತರೆ ಬಹುಮಟ್ಟಿಗೆ ಅದೇ ಭಂಗಿ ಸಿಗುತ್ತದೆ. ಮಂಡಿನೋವಿನ ಹಿರಿಯರಿಗೆ ಇದು ಅನುಕೂಲ.

3. ಬಾಯಾರಿಕೆಗೆ ಕಾಯಬೇಡಿ

ಎದ್ದ ಕೂಡಲೇ ಒಂದು ದೊಡ್ಡ ಲೋಟ ಬೆಚ್ಚಗಿನ ನೀರು ಕುಡಿಯಿರಿ. ನೀರು, ಮಜ್ಜಿಗೆ, ಗಂಜಿ, ಸಾರು, ಕಷಾಯ ಎಲ್ಲ ಸೇರಿ ದಿನಕ್ಕೆ ಸುಮಾರು 2 ಲೀಟರ್ ಒಳಗೆ ಹೋಗಲಿ. ಮಳೆಗಾಲದಲ್ಲಿ ತಣ್ಣೀರು ಒಗ್ಗದವರು ಜೀರಿಗೆ-ಕೊತ್ತಂಬರಿ ಕಷಾಯ ಮಾಡಿಕೊಳ್ಳಬಹುದು, ಬೆಲ್ಲ ಹಿಡಿತದಲ್ಲಿರಲಿ. ಹೃದಯ, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

4. ಅನ್ನ ತಗ್ಗಲಿ, ಪಲ್ಯ ಹೆಚ್ಚಲಿ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಪಾಲಿಶ್ ಮಾಡಿದ ಅಕ್ಕಿಯ ಅನ್ನದಲ್ಲಿ ಅದು ತೀರಾ ಕಡಿಮೆ. ಬೆಳಗಿನ ದೋಸೆ, ಕಡುಬು, ಮಧ್ಯಾಹ್ನದ ಊಟ, ರಾತ್ರಿಯ ಊಟ ಎಲ್ಲವೂ ಅಕ್ಕಿಯದೇ ಆದರೆ ಲೆಕ್ಕ ತಪ್ಪುತ್ತದೆ. ಒಂದು ಹೊತ್ತಿಗಾದರೂ ತೌಡು ಪೂರ್ತಿ ತೆಗೆಯದ ಕೆಂಪಕ್ಕಿ ಗಂಜಿಯೋ ರಾಗಿ ರೊಟ್ಟಿಯೋ ಇರಲಿ. ಬಾಳೆದಿಂಡು, ಬಾಳೆ ಹೂವು, ಬಸಳೆ, ಹರಿವೆಯ ಪಲ್ಯವನ್ನು ಎಲೆಯ ತುದಿಗೆ ಶಾಸ್ತ್ರಕ್ಕೆ ಬಡಿಸದೆ ಒಂದು ಬಟ್ಟಲು ತುಂಬ ತಿನ್ನಿ. ಒಂದೆಲಗದ ತಂಬುಳಿಯನ್ನು ಸೋಸಬೇಡಿ, ಸೋಸಿದರೆ ನಾರು ಚರಟದಲ್ಲೇ ಉಳಿಯುತ್ತದೆ. ಕಳಲೆಯಲ್ಲೂ ನಾರು ಧಾರಾಳ. ಆದರೆ ಹಸಿ ಕಳಲೆಯಲ್ಲಿ ವಿಷದ ಅಂಶವಿರುವುದರಿಂದ ದಿನಾ ನೀರು ಬದಲಿಸಿ ನೆನೆಸಿಟ್ಟು, ಚೆನ್ನಾಗಿ ಬೇಯಿಸುವ ಹಳೆಯ ಕ್ರಮ ಬಿಡಬಾರದು. 100 ಗ್ರಾಂ ಪೇರಲೆಯಲ್ಲಿ 5 ಗ್ರಾಂಗೂ ಮಿಕ್ಕಿ ನಾರಿದೆ, ಪಪ್ಪಾಯವೂ ಒಳ್ಳೆಯದು.

ಇದೆಲ್ಲವನ್ನೂ ಒಂದೇ ದಿನ ಶುರು ಮಾಡಿದರೆ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಹೆಚ್ಚಿಸಿ, ಜೊತೆಗೆ ನೀರನ್ನೂ.

5. ಉಬ್ಬರದ ಮೂಲ ಹುಡುಕಿ

ಹಲಸಿನ ಬೀಜ, ಹುರುಳಿ, ಕಡಲೆಯಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಅರಗುವುದಿಲ್ಲ. ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಅವನ್ನು ಹುದುಗಿಸಿದಾಗ ವಾಯು ಹುಟ್ಟುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ಅವನ್ನು ರಾತ್ರಿಗಿಂತ ಮಧ್ಯಾಹ್ನ ಮಿತವಾಗಿ ತಿನ್ನಿ. ಗಬಗಬನೆ ಉಂಡರೆ, ಸೋಡಾ ಕುಡಿದರೆ ಗಾಳಿಯೂ ಒಳಗೆ ಹೋಗುತ್ತದೆ. ಹಾಲು ಕುಡಿದಾಗಲೆಲ್ಲ ಉಬ್ಬರಿಸುವವರು ಎರಡು ವಾರ ಹಾಲು ಬಿಟ್ಟು ನೋಡಬಹುದು. ಅಂಥವರಲ್ಲಿ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುತ್ತವೆ.

6. ಉಂಡ ಮೇಲೆ ಜಗಲಿಯಲ್ಲೇ ನಡೆಯಿರಿ

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ವಾಯು ಮುಂದಕ್ಕೆ ಸರಿಯುತ್ತದೆ. ಅಂಗಳ ಜಾರುವಾಗ ಜಗಲಿಯೇ ಸಾಕು. ಅಡಿಕೆ ಸುಲಿಯುವವರು ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಿ, ನೀರು ಕುಡಿದು ಮತ್ತೆ ಕೂರಲಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ತಾಸು ಬಿಡುವಿರಲಿ. ಜೀರ್ಣಕ್ಕೆಂದು ಎಲೆ-ಅಡಿಕೆಯ ಮೊರೆ ಹೋಗುವುದು ಬೇಡ; ತಂಬಾಕು ಸೇರದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

7. ಮಾತ್ರೆ, ಚೂರ್ಣದಲ್ಲಿ ಎಚ್ಚರ

ಕಬ್ಬಿಣದ ಮಾತ್ರೆ, ಕೆಲವು ನೋವಿನ ಹಾಗೂ ರಕ್ತದೊತ್ತಡದ ಮಾತ್ರೆಗಳಿಂದಲೂ ಮಲ ಗಟ್ಟಿಯಾಗಬಹುದು. ನೀವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರನ್ನೇ ಕೇಳಿ. ಇಸಬಗೋಲನ್ನು ಒಂದು ಲೋಟ ತುಂಬ ನೀರಿನಲ್ಲಿ ಕದಡಿ ಕೂಡಲೇ ಕುಡಿಯಬೇಕು; ಒಣದಾಗಿ ನುಂಗಿದರೆ ಗಂಟಲಿಗೆ ಸಿಕ್ಕೀತು. ನುಂಗಲು ಕಷ್ಟವಿರುವವರಿಗೆ ಅದು ಬೇಡ. ಸೋನಾಮುಖಿ ಬೆರೆತ ಚೂರ್ಣವನ್ನು ವೈದ್ಯರ ಸಲಹೆಯಿಲ್ಲದೆ ದಿನಾ ತೆಗೆದುಕೊಳ್ಳಬಾರದು. ಮಕ್ಕಳಿಗೆ, ಗರ್ಭಿಣಿಯರಿಗೆ ಮನೆಯಲ್ಲೇ ಹರಳೆಣ್ಣೆ ಕುಡಿಸಬೇಡಿ.

ತಡಮಾಡದೆ ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

• ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಮಲ
• ಕಾರಣವಿಲ್ಲದೆ ತೂಕ ಇಳಿಕೆ, ರಕ್ತಹೀನತೆ
• 45 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ
• ದಿನದಿನಕ್ಕೂ ಹೆಚ್ಚುವ, ಇಳಿಯದ ಉಬ್ಬರ

ಜೋರು ನೋವು, ವಾಂತಿಯ ಜೊತೆಗೆ ವಾಯುವೂ ಹೋಗದಿದ್ದರೆ ಕರುಳು ಕಟ್ಟಿರಬಹುದು. ಆಗ ಕಷಾಯ, ಬೇಧಿ ಔಷಧಿಯೆಂದು ಹೊತ್ತು ಕಳೆಯದೆ ನೇರ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಉಳಿದವರು ಮೊದಲ ವಾರ ನೀರು ಮತ್ತು ಬೆಳಗಿನ ಹೊತ್ತನ್ನು ಸರಿಮಾಡಿಕೊಳ್ಳಿ, ಎರಡನೆಯ ವಾರದಿಂದ ಪಲ್ಯ ಮತ್ತು ನಡಿಗೆ ಸೇರಿಸಿ. ನಾಲ್ಕು ವಾರವಾದರೂ ಗುಣ ಕಾಣದಿದ್ದರೆ ಥೈರಾಯ್ಡ್, ಮಧುಮೇಹದ ತಪಾಸಣೆ ಬೇಕೇ ಎಂದು ವೈದ್ಯರನ್ನು ಕೇಳಿ.